ಸಂಶೋಧನಾ ವಿದ್ಯಾರ್ಥಿಗಳ ಮಾತು ಕೇಳುವವರು ಬೇಕು

ಮಾನ್ಯ ಸಂಪಾದಕರೇ,

ನಾನು ಪಿಎಚ್‌.ಡಿ. ಮಾಡಿದ ವಿಭಾಗದಲ್ಲಿ ನೋಟಿಸ್ ಬೋರ್ಡ್ ಕೆಳಗೆ ಒಂದು ಮರದ ಬೆಂಚು ಇತ್ತು. ಕೈಯಲ್ಲಿ ಫೆಲೋಶಿಪ್ (ಸಂಶೋಧನೆಗೆ ಸಿಗುವ ಸಹಾಯಧನ) ಫಾರಂ ಹಿಡಿದು, ಗೈಡ್ ಅಂದರೆ ಸಂಶೋಧನಾ ಮಾರ್ಗದರ್ಶಕರ ಒಂದು ಸಹಿಗಾಗಿ ಅಲ್ಲಿ ಎಷ್ಟು ದಿನ ಕೂತಿದ್ದೇನೋ ಲೆಕ್ಕವಿಲ್ಲ. ಒಳಗೆ ಹೋಗುವ ಮೊದಲು ಅಟೆಂಡರ್ ಅಣ್ಣನನ್ನು "ಸರ್ ಮೂಡ್ ಹೇಗಿದೆ?" ಅಂತ ಕೇಳೋದು ನಮಗೆಲ್ಲ ರೂಢಿಯಾಗಿತ್ತು. ಅವರು ಬೇಡ ಅಂತ ತಲೆ ಆಡಿಸಿದರೆ ವಾಪಸ್ ಹಾಸ್ಟೆಲ್‌ಗೆ. ಒಂದು ಸಲ ಹೀಗೇ ಮೂರು ವಾರ ಕಳೆಯಿತು. ಆ ತಿಂಗಳ ಮೆಸ್ ಬಿಲ್ ಕಟ್ಟಲು ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆದರು.

ಗೈಡ್ ಮನೆಯ ಮದುವೆ ಪತ್ರಿಕೆಗಳ ಮೇಲೆ ವಿಳಾಸ ಬರೆದಿದ್ದೇನೆ. ಅವರ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದೇನೆ. ಯಾರೂ ಜೋರು ಮಾಡಿ ಹೇಳಿದ್ದಲ್ಲ. ಆಗಲ್ಲ ಅನ್ನುವ ಧೈರ್ಯ ನನಗಿರಲಿಲ್ಲ, ಥೀಸಿಸ್ ಅವರ ಕೈಯಲ್ಲಿತ್ತು.

ಈಗ ವಿಭಾಗಗಳಲ್ಲಿ ಒತ್ತಡ ನಿರ್ವಹಣೆ, ಯೋಗ, ಮಾನಸಿಕ ಆರೋಗ್ಯ ಅಂತ ಕಾರ್ಯಕ್ರಮಗಳು ನಡೆಯುತ್ತವೆ. ನಡೆಯಲಿ, ಒಳ್ಳೆಯದೇ. ಆದರೆ ಕಾರ್ಯಕ್ರಮ ಮುಗಿದ ಮೇಲೆ ವಿದ್ಯಾರ್ಥಿ ಮತ್ತೆ ಅದೇ ಬೆಂಚಿಗೆ ಹೋಗಿ ಕೂರಬೇಕಲ್ಲ?

ನಿಯಮಗಳಿಗೇನೂ ಕೊರತೆಯಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌.ಡಿ. ನಿಯಮದ ಪ್ರಕಾರ ಪ್ರಾಧ್ಯಾಪಕರು ಒಂದು ಹೊತ್ತಿಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನಗಳವರೆಗೆ ರಜೆ ಇದೆ. ನನ್ನ ಜೊತೆಗಿದ್ದ ಎಷ್ಟೋ ಜನರಿಗೆ ಈ ರಜೆಯ ವಿಷಯವೇ ಗೊತ್ತಿರಲಿಲ್ಲ. ಪ್ರತಿ ಸೆಮಿಸ್ಟರ್ ವಿದ್ಯಾರ್ಥಿ ಸಂಶೋಧನಾ ಸಲಹಾ ಸಮಿತಿ ಮುಂದೆ ಬಂದು ತನ್ನ ಕೆಲಸದ ಬಗ್ಗೆ ಹೇಳಬೇಕು ಅಂತಲೂ ಇದೆ. ತೊಡಕಿರುವುದು ಇಲ್ಲೇ. ಆ ಸಮಿತಿಯ ಸಂಚಾಲಕರು ಗೈಡೇ. ಅವರನ್ನು ಎದುರಿಗೆ ಕೂರಿಸಿಕೊಂಡು, "ನಾಲ್ಕು ತಿಂಗಳಿಂದ ನನ್ನ ಅಧ್ಯಾಯ ಓದಿಲ್ಲ" ಅಂತ ಯಾವ ವಿದ್ಯಾರ್ಥಿ ಹೇಳುತ್ತಾಳೆ?

2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೂ ಯುಜಿಸಿ ನಿಯಮ ತಂದಿತು. ಸಮಿತಿ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇದ್ದಾರೆ. ಆದರೆ ದೂರು ಕೊಡುವುದು ಅಂದರೆ ಗೈಡ್ ಜೊತೆ ಸಂಬಂಧ ಕಡಿದುಕೊಂಡಂತೆ. ನಾಳೆ ಥೀಸಿಸ್ ಸಲ್ಲಿಸಲೂ ಅವರ ಸಹಿಯೇ ಬೇಕು. ನಾಡಿದ್ದು ಕೆಲಸದ ಇಂಟರ್‌ವ್ಯೂನಲ್ಲಿ ವಿಷಯ ತಜ್ಞರಾಗಿ ಅವರ ಸ್ನೇಹಿತರೇ ಕೂತಿರಬಹುದು. ಹಾಗಾಗಿ ನಾವು ಸುಮ್ನೆ ಇದ್ದುಬಿಡುತ್ತೇವೆ.

ಅಧ್ಯಾಪಕರ ಕಷ್ಟವೂ ನನಗೆ ಗೊತ್ತು. ಈಗ ನಾನೂ ಅತಿಥಿ ಉಪನ್ಯಾಸಕಿ. ಖಾಲಿ ಹುದ್ದೆಗಳು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಬೇಕಾದ ಫೈಲುಗಳು, ಒಂದರ ಹಿಂದೊಂದು ಪರೀಕ್ಷಾ ಕೆಲಸ. ಹಾಗಿದ್ದರೂ ಅಚ್ಚುಕಟ್ಟಾಗಿ ನಡೆಸುವವರು ಇದ್ದಾರೆ. ಪಕ್ಕದ ವಿಭಾಗದ ಮೇಡಂ ಒಬ್ಬರು ಬಾಗಿಲ ಹತ್ತಿರ ಒಂದು ಟ್ರೇ ಇಟ್ಟು "ಸಹಿಗೆ" ಅಂತ ಚೀಟಿ ಅಂಟಿಸಿದ್ದರು. ಬೆಳಿಗ್ಗೆ ಹಾಕಿದ ಫಾರಂ ಸಂಜೆಗೆ ಸಹಿಯಾಗಿ ಅಲ್ಲೇ ಇರುತ್ತಿತ್ತು. ಅವರ ವಿದ್ಯಾರ್ಥಿಗಳು ಚೇಂಬರ್ ಒಳಗೆ ಹೋಗುತ್ತಿದ್ದದ್ದು ಸಂಶೋಧನೆಯ ಮಾತಿಗೆ. ನಗುತ್ತಾ ಹೊರಗೆ ಬರುತ್ತಿದ್ದರು. ಬೆಂಚಿನ ಮೇಲೆ ಕೂತು ನಾನು ಅದನ್ನು ನೋಡುತ್ತಿದ್ದೆ.

ಕುಲಪತಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ಸೆಮಿಸ್ಟರ್ ಒಂದು ಸಲ, ಬೇರೆ ವಿಭಾಗದ ಹಿರಿಯ ಅಧ್ಯಾಪಕರೊಬ್ಬರು ಪ್ರತಿ ಸಂಶೋಧನಾ ವಿದ್ಯಾರ್ಥಿಯ ಜೊತೆ ಹದಿನೈದು ನಿಮಿಷ ಮಾತಾಡಲಿ. ಗೈಡ್ ಅಲ್ಲಿರಬಾರದು. ಎಲ್ಲರನ್ನೂ ಕರೆದರೆ ಯಾರು ದೂರು ಹೇಳಿದರು ಅನ್ನುವ ಪ್ರಶ್ನೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಫೆಲೋಶಿಪ್ ಬರ್ತಿದೆಯಾ, ಬರೆದದ್ದನ್ನು ಓದಿ ಕೊಟ್ಟರಾ, ಮನೆ ಕೆಲಸ ಏನಾದರೂ ಹೇಳ್ತಾರಾ, ಗೈಡ್ ಬದಲಾಯಿಸಬೇಕು ಅನಿಸಿದೆಯಾ ಅಂತ ಕೇಳಲಿ. ಫಾರಂಗಳಿಗೆ ಸಹಿ ಹಾಕಲು ಮೂರು ದಿನದ ಗಡುವು ಇರಲಿ. ಅದು ಮೀರಿದರೆ ವಿಭಾಗದ ಅಧ್ಯಕ್ಷರೇ ಸಹಿ ಹಾಕುವ ಅಧಿಕಾರ ಕೊಡಿ.

– ಒಬ್ಬ ಅತಿಥಿ ಉಪನ್ಯಾಸಕಿ, ಹಾವೇರಿ ಜಿಲ್ಲೆ