ಶನಿವಾರದ ಚೀಟಿಯವರಿಗೆ

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿಗೆ ಕಾಪುವಿನಲ್ಲಿ ಹತ್ತುವ, ಹೆಸರು ಹೇಳಲು ಒಪ್ಪದ ಹಿರಿಯರೇ, ನಿಮಗೆ ಎಲ್ಲರೆದುರು ಧನ್ಯವಾದ. ಪ್ರತಿ ಶನಿವಾರ ನೀವು ಕೈಗಿಡುವ ಚೀಟಿಯಲ್ಲಿ ಒಂದು ತಂಡ, ಒಂದು ಹಾಡು, ಅಷ್ಟೇ. ವಿವರಣೆ ಬೇಕಾದರೆ ಪಡುಬಿದ್ರಿ ದಾಟುವವರೆಗೆ ಕಾಯಬೇಕು. ಅಲ್ಲಿಯವರೆಗೆ ನೀವು ಪತ್ರಿಕೆ ಮಡಚುವವರಲ್ಲ.

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವೆಂದರೆ ಟೊಪ್ಪಿ, ಕುದುರೆ, ಬೂಟು ಎನ್ನುವವರಿಗೆ ಅಂಕಲ್ ಟುಪೆಲೊ ಎಂಬ ತಂಡವನ್ನು ಕೇಳಿಸಬೇಕು ಎನ್ನುತ್ತೀರಿ. ಒಪ್ಪಿದೆ. 1987ರಲ್ಲಿ ಇಲಿನಾಯ್ ರಾಜ್ಯದ ಬೆಲ್‌ವಿಲ್‌ನಲ್ಲಿ ಹುಟ್ಟಿದ ಈ ತಂಡ ಪಂಕ್ ರಾಕ್ ಸಂಗೀತದ ಅಬ್ಬರಕ್ಕೂ ಹಳೆಯ ಹಳ್ಳಿಗಾಡಿನ ಹಾಡಿಗೂ ಗಂಟು ಹಾಕಿತು. 1990ರಲ್ಲಿ ಮೊದಲ ಆಲ್ಬಮ್. 1994ರಲ್ಲಿ ತಂಡವೇ ಒಡೆಯಿತು. ಅದರ ಇಬ್ಬರು ಗಾಯಕರಲ್ಲಿ ಜೇ ಫರಾರ್ ಸನ್ ವೋಲ್ಟ್ ಎಂಬ ತಂಡ ಕಟ್ಟಿದರು, ಜೆಫ್ ಟ್ವೀಡಿ ಉಳಿದವರೊಂದಿಗೆ ವಿಲ್ಕೊ ತಂಡ ಆರಂಭಿಸಿದರು. ನೀವು ಎರಡನ್ನೂ ಒಂದೊಂದು ವಾರ ಕೊಟ್ಟು, ಯಾವುದು ಮೇಲೆಂದು ಹೇಳದೆ ಮಂಗಳೂರಿನ ಜ್ಯೋತಿ ನಿಲ್ದಾಣದಲ್ಲಿ ಇಳಿದುಹೋದಿರಿ. ನನ್ನ ಮತ ಸನ್ ವೋಲ್ಟ್‌ಗೆ. (ಫರಾರ್ ಅವರ ಆ ದಣಿದ ಕಂಠ ಸುರತ್ಕಲ್‌ನ ವಾಹನ ದಟ್ಟಣೆಗೆ ಹೇಳಿ ಮಾಡಿಸಿದ್ದು.)

ಪೆಡಲ್ ಸ್ಟೀಲ್ ಗಿಟಾರಿನ ಬಗ್ಗೆ ಹೇಳಿಕೊಟ್ಟದ್ದಂತೂ ದೊಡ್ಡ ಉಪಕಾರ. ತಂತಿಗಳ ಮೇಲೆ ಉಕ್ಕಿನ ಸರಳು ಜಾರುತ್ತದೆ. ಕಾಲಿನ ಪೆಡಲ್‌ಗಳು, ಮೊಣಕಾಲಿನ ಸನ್ನೆಗೋಲುಗಳು ತಂತಿಯ ಬಿಗಿಯನ್ನು ನುಡಿಸುತ್ತಿರುವಾಗಲೇ ಬದಲಿಸುತ್ತವೆ. ಸ್ವರ ನಮ್ಮ ಮೀಂಡಿನಂತೆ ಎಳೆದುಕೊಂಡು ಹೋಗುತ್ತದೆ. ಇದು ತಿಳಿದ ಮೇಲೆ ಹಳೆಯ ಚೀಟಿಗಳ ಹಾಡುಗಳನ್ನೆಲ್ಲ ಮತ್ತೆ ಕೇಳಿದೆ. ಅಳುವಂತೆ ಕೇಳಿಸುತ್ತಿದ್ದ ಆ ವಾದ್ಯ ಯಾವುದೆಂದು ಈಗ ಗೊತ್ತು.

ತಕರಾರು ಒಂದೇ: ನಿಮ್ಮ ಆಯ್ಕೆಯಲ್ಲಿ ಗಾಯಕಿಯರು ಕಡಿಮೆ. ಲುಸಿಂಡಾ ವಿಲಿಯಮ್ಸ್ ಒಬ್ಬರೇ ಬಂದಿದ್ದಾರೆ. ದಯವಿಟ್ಟು ಸರಿಪಡಿಸಿ.