ಹೇಸಿಗೆ ಪಡದವರಿಗೆಲ್ಲ ನಮಸ್ಕಾರ

ನಮ್ಮ ಮಗ ಈಗ ಅಂಗನವಾಡಿಗೆ ಹೋಗುತ್ತಿದ್ದಾನೆ. ಡೈಪರ್ ಇಲ್ಲ, ಲಂಗೋಟಿ ಇಲ್ಲ, ಬರೀ ಚಡ್ಡಿ. ಬೇರೆಯವರ ಮನೆಯಲ್ಲಿ ಇದೊಂದು ಸುದ್ದಿಯೇ ಅಲ್ಲ. ನಾವು ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದೆವು. ಏನು ವಿಶೇಷ ಅಂತ ಕೇಳಿದವರಿಗೆ ಅತ್ತೆ, "ಹುಡುಗ ತಾನಾಗಿ ಹೇಳಿ ಸಂಡಾಸಕ್ಕ ಹೋಗ್ತಾನ" ಅಂದರು. ಕೇಳಿದವರು ನಕ್ಕರು. ನಗಲಿ, ಅವರಿಗೆ ಹಿಂದಿನದು ಗೊತ್ತಿಲ್ಲ. ಅದನ್ನೇ ಇಲ್ಲಿ ಹೇಳಿ, ಇಷ್ಟು ದೂರ ಕೈ ಹಿಡಿದು ಬಂದವರಿಗೆ ಥ್ಯಾಂಕ್ಸ್ ಹೇಳಬೇಕು.

ನನ್ನ ಮಗ ಹುಟ್ಟಿದಾಗ ಅವನಿಗೆ ಮಲದ್ವಾರ ಇರಲಿಲ್ಲ. ನೇರವಾಗಿಯೇ ಬರೆಯುತ್ತಿದ್ದೇನೆ. "ಹೊಟ್ಟೆಯದೇನೋ ಸಣ್ಣ ತೊಂದರೆ" ಅಂತ ಮದುವೆ, ಜಾತ್ರೆಗಳಲ್ಲಿ ಹೇಳಿ ಹೇಳಿ ಸಾಕಾಗಿದೆ. ಸುಮಾರು 5,000 ಕೂಸುಗಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಅಂದರೆ ಗಂಗಾವತಿ, ಸಿಂಧನೂರು, ಕುಷ್ಟಗಿ ಸುತ್ತ ಇಂಥ ಮಕ್ಕಳು ಇನ್ನೂ ಇದ್ದಾರೆ. ಅವರ ಅಮ್ಮಂದಿರೂ ಹೊಟ್ಟೆಯ ತೊಂದರೆ ಅಂತಲೇ ಹೇಳುತ್ತಿರಬಹುದು, ಅಲ್ವಾ?

ಮೊದಲ ನಮಸ್ಕಾರ ಗಂಗಾವತಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರ್‌ಗೆ. ಕೂಸನ್ನು ಒರೆಸಿ, ತೂಕ ಮಾಡಿ, ನನ್ನ ಪಕ್ಕ ಮಲಗಿಸಿ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆವತ್ತು ವಾರ್ಡು ಅಷ್ಟು ತುಂಬಿತ್ತು. ಅವರು ಮಾತ್ರ ಮಗುವನ್ನು ಬೋರಲು ಮಾಡಿ, ಎರಡೂ ಕುಂಡಿ ಸರಿಸಿ ನೋಡಿದರು. ರಂಧ್ರ ಇರಬೇಕಾದ ಜಾಗದಲ್ಲಿ ಚರ್ಮ ಮಾತ್ರ ಇತ್ತು. ಆಮೇಲೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಂದು ಬಿಳಿ ಬಟ್ಟೆ ಹಾಸಿ, ಕೂಸು ಉಚ್ಚೆ ಮಾಡುವುದನ್ನೇ ಕಾದರು. ಬಟ್ಟೆಯ ಮೇಲೆ ಹಸಿರು ಕಲೆ ಬಿತ್ತು. ಕರುಳಿನ ಕೊನೆ ಮೂತ್ರನಾಳಕ್ಕೆ ಕೂಡಿಕೊಂಡಿದೆ ಅನ್ನುವುದರ ಗುರುತು ಅದು. "ಹಾಲು ಕುಡಿಸಬ್ಯಾಡವ್ವಾ ಈಗ, ಡಾಕ್ಟರ್ ಬರ್ಲಿ" ಅಂದರು. ಇದನ್ನು ನೋಡದೆ ಮನೆಗೆ ಕಳಿಸಿದರೆ ಎರಡು ಮೂರು ದಿನದಲ್ಲಿ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಕರುಳೇ ಒಡೆಯುವ ಅಪಾಯ ಇರುತ್ತದೆ. ಸಿಸ್ಟರ್, ನಿಮ್ಮ ಹೆಸರು ಬರೆಯಬೇಡ ಅಂದಿದ್ದೀರಿ, ಬರೆಯುವುದಿಲ್ಲ. ಹೋಳಿಗೆ ಮಾತ್ರ ತಂದುಕೊಡುತ್ತೇನೆ.

ಗ್ರಹಣದ ಮಾತೂ ಬಂತು. ಗ್ರಹಣದ ದಿನ ಹೊರಗೆ ಹೋಗಿದ್ದಳು, ಈಳಿಗೆ ಮುಟ್ಟಿದ್ದಳು ಅಂತ ನಮ್ಮ ಬಂಧುಗಳಲ್ಲೇ ಒಬ್ಬರು ಶುರು ಮಾಡಿದರು. ಹಸಿ ಬಾಣಂತಿ ನಾನು, ಕೇಳಿಕೊಂಡು ಸುಮ್ನೆ ಇದ್ದೆ. ಅದಕ್ಕೆ ಉತ್ತರ ಕೊಟ್ಟವರು ಹುಬ್ಬಳ್ಳಿ ಕಿಮ್ಸ್‌ನ ಒಬ್ಬ ಯುವ ಡಾಕ್ಟರ್. ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ಗರ್ಭ ಕಟ್ಟಿದ ಮೊದಲ ಎರಡು ತಿಂಗಳಲ್ಲೇ ಇದು ಆಗುವುದು. ಮೊದಲು ಮಲಕ್ಕೂ ಮೂತ್ರಕ್ಕೂ ಒಂದೇ ಕೋಣೆ ಇರುತ್ತದೆ. ನಡುವೆ ಗೋಡೆ ಬೆಳೆದು ಬೇರೆ ಬೇರೆ ಆಗಬೇಕು, ಕೆಲವರಲ್ಲಿ ಅದು ಪೂರ್ತಿ ಆಗುವುದಿಲ್ಲ. ತಾಯಿ ತಿಂದದ್ದು, ಮುಟ್ಟಿದ್ದು ಯಾವುದೂ ಕಾರಣ ಅಲ್ಲ. ಸ್ಕ್ಯಾನಿಂಗ್‌ನಲ್ಲೂ ಸಾಮಾನ್ಯವಾಗಿ ಇದು ಗೊತ್ತಾಗುವುದಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಗ್ರಹಣದ ಮಾತು ಎತ್ತಿದವರಿಲ್ಲ. ಆಪರೇಷನ್ ಮಾಡಿದವರಿಗೆ ಎಷ್ಟು ಋಣಿಯೋ, ಆ ಎರಡು ನಿಮಿಷದ ಮಾತಿಗೂ ಅಷ್ಟೇ ಋಣಿ.

ಹುಬ್ಬಳ್ಳಿಗೆ ಹೋದದ್ದು 108ರಲ್ಲಿ. ಕೂಸಿನ ಮೂಗಿಗೆ ನಳಿಕೆ, ಕೈಗೆ ಸಲೈನ್, ತಲೆಗೆ ಕುಂಚಿಗೆ. ದಾರಿಯುದ್ದಕ್ಕೂ ಗಾಡಿಯಲ್ಲಿದ್ದ ಹುಡುಗ ಮಗುವಿನ ಪಾದ ಮುಟ್ಟಿ ಮುಟ್ಟಿ ನೋಡುತ್ತಿದ್ದ, ತಣ್ಣಗಾಗಿದೆಯಾ ಅಂತ. ಅಲ್ಲಿ ಹೋದ ಕೂಡಲೇ ಕತ್ತರಿ ಹಿಡಿಯುತ್ತಾರೆ ಅಂತ ನಾವು ಅಂದುಕೊಂಡಿದ್ದೆವು. ಹಾಗಲ್ಲ. ಮೊದಲ 24 ಗಂಟೆ ಕಾಯುತ್ತಾರೆ, ಮಲ ಎಲ್ಲಾದರೂ ಸಣ್ಣ ದಾರಿ ಮಾಡಿಕೊಂಡು ಬರುತ್ತದಾ ಅಂತ. ಅಷ್ಟರಲ್ಲಿ ಹೃದಯ, ಕಿಡ್ನಿ, ಬೆನ್ನೆಲುಬು, ಅನ್ನನಾಳ ಎಲ್ಲ ನೋಡಿ ಮುಗಿಸುತ್ತಾರೆ. ಈ ತೊಂದರೆ ಇರುವ ಮಕ್ಕಳಲ್ಲಿ ಬಹಳ ಜನಕ್ಕೆ ಜೊತೆಗೆ ಇನ್ನೊಂದೂ ಇರುತ್ತದಂತೆ. ನಮ್ಮವನಿಗೆ ಬೇರೆ ಏನೂ ಇರಲಿಲ್ಲ.

ಆಪರೇಷನ್ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಮೂರು ಹಂತ. ಮೊದಲು ಹೊಟ್ಟೆಯ ಎಡಭಾಗದಲ್ಲಿ ಕರುಳನ್ನು ಹೊರಗೆ ತಂದು ಮಲಕ್ಕೆ ದಾರಿ ಮಾಡುತ್ತಾರೆ, ಅದು ಕೊಲೊಸ್ಟಮಿ. ಕೆಲವು ತಿಂಗಳ ನಂತರ ಮಲದ್ವಾರ ಕಟ್ಟುತ್ತಾರೆ. ಅದು ಗಟ್ಟಿಯಾದ ಮೇಲೆ ಹೊಟ್ಟೆಯ ದಾರಿ ಮುಚ್ಚುತ್ತಾರೆ. ಹೇಳುವುದಕ್ಕೆ ಮೂರು ಸಾಲು.

ಆ ಮೊದಲ ಹಂತದ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಅದನ್ನು ದಾಟಿಸಿದವರು ಡಾಕ್ಟರಲ್ಲ, ನಮ್ಮ ಅತ್ತೆ. ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ ಹೊಳೆಯುವ ಕರುಳು. ಹಗಲು ರಾತ್ರಿ ಅಲ್ಲಿಂದ ಮಲ. ನನಗೆ ಮುಟ್ಟುವುದಕ್ಕೇ ಕೈ ಬರಲಿಲ್ಲ. ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ, ಕರುಳಿನ ಆ ಭಾಗಕ್ಕೆ ಮುಟ್ಟಿದ ನೋವು ತಿಳಿಯುವುದಿಲ್ಲ ಅಂತ ಸಿಸ್ಟರ್ ಹೇಳಿದರೂ ಆಗಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ತಾ ಇಲ್ಲಿ" ಅಂದರು. ಅಲ್ಲಿಂದ ಆ ಕೆಲಸ ಅವರದಾಯಿತು.

ಅಂಟಿಸುವ ಚೀಲ ಸಿಗುತ್ತದೆ, ಆದರೆ ತುಟ್ಟಿ. ನಮ್ಮ ಬಿಸಿಲಿಗೆ, ಬೆವರಿಗೆ ಅಂಟು ನಿಲ್ಲುವುದೂ ಇಲ್ಲ. ಗಂಗಾವತಿಯ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅತ್ತೆ ಹಳೇ ಕಾಟನ್ ಸೀರೆ ಹರಿದು ಅಂಗೈ ಅಗಲದ ಮಡಿಕೆ ಮಾಡಿದರು. ನಡುವೆ ಕರುಳಿನ ಅಳತೆಗೆ ಒಂದು ತೂತು. ಕೆಳಗೆ ಆ ತೂತಿನ ಮಡಿಕೆ, ಮೇಲೆ ತೂತಿಲ್ಲದ ದಪ್ಪ ಮಡಿಕೆ, ಅದರ ಮೇಲೆ ಸಡಿಲವಾಗಿ ಒಂದು ಪಟ್ಟಿ. ಸುತ್ತಲ ಚರ್ಮಕ್ಕೆ ಡಾಕ್ಟರ್ ಹೇಳಿದ ಜಿಂಕ್ ಮುಲಾಮು. ಅದನ್ನು ಪ್ರತಿ ಸಲ ಪೂರ್ತಿ ಕೆರೆದು ತೆಗೆಯಬಾರದು, ಮೇಲಿನ ಹೊಲಸನ್ನಷ್ಟೇ ಒರೆಸಿ ಮತ್ತೆ ಹಚ್ಚಬೇಕು. ಇದನ್ನು ಅವರು ಒಂದೇ ಸಲ ನೋಡಿ ಕಲಿತರು. ವಾರ್ಡಿನಲ್ಲಿ ಬೇರೆ ತಾಯಂದಿರು ಬಂದು ನೋಡಿಕೊಂಡು ಹೋಗುತ್ತಿದ್ದರು.

ಆ ಸೀರೆಗಳು ಎಲ್ಲಿಂದ ಬಂದವು? ನಮ್ಮ ಓಣಿಯಿಂದ. ಕೌದಿ ಹೊಲಿಯಲು ಎತ್ತಿಟ್ಟ ಮೆತ್ತನೆ ಸೀರೆಗಳನ್ನು ಒಬ್ಬೊಬ್ಬರೇ ತಂದು ಕಟ್ಟೆ ಮೇಲೆ ಇಟ್ಟು ಹೋದರು. ಯಾಕೆ ಬೇಕು ಅಂತ ಕೇಳಲಿಲ್ಲ. ಎದುರುಮನೆಯ ಫಾತಿಮಾ ಚಾಚಿಯಂತೂ ಹಳೇ ಸೀರೆಗಳನ್ನು ಬಿಸಿನೀರಲ್ಲಿ ಒಗೆದು, ಇಸ್ತ್ರಿ ಮಾಡಿ ಕೊಟ್ಟರು. ಆ ವರ್ಷ ನಮ್ಮ ಓಣಿಯಲ್ಲಿ ಹೊಸ ಕೌದಿ ಬಿದ್ದಿಲ್ಲ ಅಂತ ಕಾಣುತ್ತದೆ! ಅಕ್ಕಂದಿರೇ, ಚಾಚಿ, ನಿಮ್ಮ ಋಣ ದೊಡ್ಡದು.

ಎರಡನೇ ಹಂತವೇ ಮುಖ್ಯ. ಅದಕ್ಕೆ ಮುಂಚೆ ಕೆಳಗಿನ ಕರುಳಿಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು, ಕರುಳು ಎಲ್ಲಿ ನಿಂತಿದೆ, ಮೂತ್ರನಾಳಕ್ಕೆ ಎಲ್ಲಿ ಕೂಡಿದೆ ಅಂತ ನೋಡಿದರು. ಮಕ್ಕಳ ಸರ್ಜನ್ ಒಂದು ಹಳೇ ಕಾಗದದ ಹಿಂದೆ ಚಿತ್ರ ಬರೆದು ನಮಗೆ ವಿವರಿಸಿದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಮುಂಚೆ ಈ ಆಪರೇಷನ್‌ನಲ್ಲಿ ಒಳಗಿನ ಮಾಂಸಖಂಡಗಳನ್ನು ಪೂರ್ತಿ ಕಣ್ಣಾರೆ ನೋಡಿ ಮಾಡುವುದು ಸಾಧ್ಯವಿರಲಿಲ್ಲ. 1980ರಲ್ಲಿ ಮೆಕ್ಸಿಕೋದ ಸರ್ಜನ್ ಆಲ್ಬರ್ಟೊ ಪೆನ್ಯಾ ಮಗುವನ್ನು ಬೋರಲು ಮಲಗಿಸಿ, ಹಿಂದಿನಿಂದ ಸರಿಯಾಗಿ ನಡುಗೆರೆಯಲ್ಲಿ ತೆರೆದು ನೋಡುವ ದಾರಿ ತೋರಿಸಿದರು. ಮುಖ್ಯವಾದ ನರಗಳು ಆ ನಡುಗೆರೆ ದಾಟುವುದಿಲ್ಲ. ಹಾಗಾಗಿ ಕೂದಲೆಳೆಯಷ್ಟೂ ಆಚೀಚೆ ಹೋಗದೆ ಕತ್ತರಿಸಿದರೆ ಎಡದ ಖಂಡ ಎಡಕ್ಕೆ, ಬಲದ್ದು ಬಲಕ್ಕೆ ಸರಿದು ಎಲ್ಲವೂ ಕಾಣುತ್ತದೆ. ಸಣ್ಣ ಕರೆಂಟ್ ಕೊಡುವ ಕಡ್ಡಿಯಿಂದ ಮುಟ್ಟಿ ನೋಡುತ್ತಾರೆ. ಎಲ್ಲಿ ಮಾಂಸಖಂಡ ಮುದುಡುತ್ತದೋ ಅದರ ನಡುವೆ ಕರುಳನ್ನು ಕೂರಿಸಿ ಹೊಲಿಯುತ್ತಾರೆ. ಪಿಸಾರ್ಪ್ ಅಂತ ಅದರ ಹೆಸರು. ಈಗ ಕರುಳು ಬಹಳ ಮೇಲೆ ನಿಂತಿದ್ದರೆ ದುರ್ಬೀನು ಹಾಕಿ ಹೊಟ್ಟೆಯ ಕಡೆಯಿಂದಲೂ ಮಾಡುತ್ತಾರೆ. ನಮ್ಮವನಿಗೆ ಅದು ಬೇಕಾಗಲಿಲ್ಲ.

ಮೂತ್ರಕ್ಕೆ ಹಾಕಿದ ನಳಿಕೆ ಕೆಲವು ದಿನ ಕದಲಬಾರದು ಅಂದಿದ್ದರು. ಅದೇನಾದರೂ ಜಾರಿ ಬಿದ್ದರೆ ಮತ್ತೆ ಹಾಕುವುದು ಕಷ್ಟ, ಹೊಲಿಗೆಗೂ ಅಪಾಯ. ರಾತ್ರಿ ಪಾಳಿಯ ಸಿಸ್ಟರ್ ಟಾರ್ಚು ಹಿಡಿದು ಬಂದು ಮಗುವಿನ ಮುಖ ನೋಡುವುದಕ್ಕಿಂತ ಮೊದಲು ಆ ನಳಿಕೆ ನೋಡುತ್ತಿದ್ದರು.

ಅರಿವಳಿಕೆ ಡಾಕ್ಟರ್‌ಗೆ ಬೇರೆಯದೇ ಒಂದು ಥ್ಯಾಂಕ್ಸ್. ಅವರನ್ನು ಯಾರೂ ನೆನೆಯುವುದಿಲ್ಲ. "ಹಸುಗೂಸಿಗೆ ಏನ್ ನೋವು ಗೊತ್ತಾಗ್ತದ ಬಿಡು" ಅಂತ ನಮ್ಮ ದೊಡ್ಡವ್ವ ಸಮಾಧಾನ ಹೇಳಿದ್ದರು. ಆಶ್ಚರ್ಯ ಅಂದರೆ ಒಂದು ಕಾಲಕ್ಕೆ ಡಾಕ್ಟರುಗಳಲ್ಲೂ ಬಹಳ ಜನ ಹಾಗೇ ನಂಬಿದ್ದರು. 1980ರ ದಶಕದವರೆಗೂ ಹಲವು ಕಡೆ ಹಸುಗೂಸುಗಳಿಗೆ ತೀರಾ ಕಡಿಮೆ ಅರಿವಳಿಕೆಯಲ್ಲಿ ಆಪರೇಷನ್ ಮಾಡುತ್ತಿದ್ದರಂತೆ. ಆಕ್ಸ್‌ಫರ್ಡ್‌ನಲ್ಲಿದ್ದ ಭಾರತ ಮೂಲದ ಡಾಕ್ಟರ್ ಕೆ.ಜೆ.ಎಸ್. ಆನಂದ್ ಮತ್ತು ಅವರ ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಅಲುಗಾಡಿಸಿತು. ನೋವಿಗೆ ಸರಿಯಾದ ಔಷಧಿ ಕೊಟ್ಟ ಕೂಸುಗಳು ಆಪರೇಷನ್ ನಂತರ ಚೆನ್ನಾಗಿದ್ದವು, ಕೊಡದವುಗಳಿಗೆ ತೊಂದರೆ ಜಾಸ್ತಿಯಾಯಿತು. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು. ನನ್ನ ಮಗ ಒಂದು ತಲೆಮಾರು ಮುಂಚೆ ಹುಟ್ಟಿದ್ದರೆ? ನಮ್ಮ ಡಾಕ್ಟರ್ ಮಗುವಿನ ಬೆನ್ನ ಕೆಳಗೂ ಒಂದು ಇಂಜೆಕ್ಷನ್ ಕೊಟ್ಟಿದ್ದೇನೆ, ಎಚ್ಚರಾದ ಮೇಲೂ ಸ್ವಲ್ಪ ಹೊತ್ತು ನೋವಿರುವುದಿಲ್ಲ ಅಂದರು. ಹೊರಗೆ ಬಂದಾಗ ಕಾಲ್ಬೆರಳಿಗೆ ಕೆಂಪು ದೀಪದ ಕ್ಲಿಪ್ ಇತ್ತು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಚುಚ್ಚದೆ ತೋರಿಸುವ ಈ ಉಪಾಯ ಹೊಳೆದದ್ದು ಜಪಾನಿನ ಟಕುವೊ ಅಯೊಯಾಗಿ ಅನ್ನುವ ಎಂಜಿನಿಯರ್‌ಗೆ, 1970ರ ದಶಕದಲ್ಲಿ. ಕೋವಿಡ್ ಬಂದಾಗ ನಾವೆಲ್ಲ ಬೆರಳಿಗೆ ಹಾಕಿಕೊಂಡೆವಲ್ಲ, ಅದೇ.

ಇನ್ನು ಯಜಮಾನರ ಸರದಿ. ಆಪರೇಷನ್ ಆಗಿ ಎರಡು ವಾರಕ್ಕೆ ಹೊಸ ದ್ವಾರವನ್ನು ದಿನಕ್ಕೆ ಎರಡು ಸಲ ಹಿಗ್ಗಿಸಬೇಕು, ಇಲ್ಲದಿದ್ದರೆ ಅದು ಕೂಡಿಕೊಂಡು ಬಿಡುತ್ತದೆ. ನುಣ್ಣನೆಯ ಸ್ಟೀಲ್ ಕಡ್ಡಿ, ಅದಕ್ಕೆ ಜೆಲ್ಲಿ ಹಚ್ಚಿ ನಿಧಾನ ಒಳಗೆ ಬಿಡಬೇಕು. ಬರಬರುತ್ತಾ ಕಡ್ಡಿಯ ಸೈಜು ದೊಡ್ಡದು. ಮಗು ಕಿರುಚುತ್ತದೆ. ಇಡೀ ದಿನ ರೈಸ್ ಮಿಲ್ಲಿನಲ್ಲಿ ಅಕ್ಕಿ ಮೂಟೆ ಎತ್ತುವ ಕೈ ಅದು. ಆ ಕೈ ಅಷ್ಟು ಹಗುರ ಇರಬಹುದು ಅಂತ ಮದುವೆಯಾಗಿ ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ನಾನು ಮಗುವಿನ ಕಾಲು ಹಿಡಿದು ಗೋಡೆ ಕಡೆ ಮುಖ ಮಾಡುತ್ತಿದ್ದೆ. ಅವರು ಹಾಡು ಹೇಳುತ್ತಾ ಮುಗಿಸುತ್ತಿದ್ದರು. ಹಾಡು ಕೆಟ್ಟದಾಗಿತ್ತು, ಅದು ಬೇರೆ ವಿಷಯ.

ಹೊಟ್ಟೆಯ ದಾರಿ ಮುಚ್ಚಿದ ಮೇಲೆ ಎಲ್ಲ ಮುಗಿಯಿತು ಅಂತ ಕುಣಿದಾಡಿದೆವು. ಮೂರೇ ದಿನಕ್ಕೆ ಕುಂಡಿಯ ಚರ್ಮವೆಲ್ಲ ಕೆಂಪು ಕೆಂಡ. ಹುಟ್ಟಿದಾಗಿನಿಂದ ಆ ಚರ್ಮಕ್ಕೆ ಮಲ ತಾಗಿಯೇ ಇರಲಿಲ್ಲ ನೋಡಿ, ತಡೆದುಕೊಳ್ಳುವ ಶಕ್ತಿ ಇಲ್ಲ. ಮತ್ತೆ ಅದೇ ಜಿಂಕ್ ಮುಲಾಮು, ಮತ್ತೆ ಅದೇ ಅತ್ತೆ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಆಪರೇಷನ್ ಖರ್ಚು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಯಿತು. ಬಿಪಿಎಲ್ ಕಾರ್ಡ್ ಇರುವ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಕಾಗದಪತ್ರಕ್ಕೆ ಓಡಾಡಿದವರು ನಮ್ಮೂರ ಆಶಾ ಅಕ್ಕ. ಊಟ, ಓಡಾಟ, ಹೋದ ಕೂಲಿ ಇವು ಯಾವ ಯೋಜನೆಯಲ್ಲೂ ಬರುವುದಿಲ್ಲ. ಅದಕ್ಕೆ ಮಿಲ್ ಸಾಹುಕಾರರು ಕೇಳದೆ ಮುಂಗಡ ಕೊಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತೋರಿಸಿಕೊಂಡು ಬರಲು ನನಗೂ ಅತ್ತೆಗೂ ಬಸ್ಸಿನ ಟಿಕೆಟ್ ಚಿಂತೆ ತಪ್ಪಿತು. ಯಾರು ಏನೇ ಅನ್ನಲಿ, ನಮಗದು ಬಹಳ ಉಪಯೋಗವಾಯಿತು.

ಕೊನೆಗೆ ಅಂಗನವಾಡಿ ಟೀಚರ್. ಇಂಥ ಮಕ್ಕಳಿಗೆ ಮಲಬದ್ಧತೆ ಕಾಡುವುದು ಜಾಸ್ತಿ. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತಿಗೆ ದಿನಾ ಕೂರಿಸಿ ರೂಢಿ ಮಾಡಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಟೀಚರ್‌ಗೆ ಅಳುಕುತ್ತಲೇ ಹೇಳಿದೆ. "ಅದಕ್ಯಾಕ ಇಷ್ಟು ಸಣ್ಣ ಮಾರಿ ಮಾಡ್ತೀಯವ್ವಾ" ಅಂದು, ಊಟವಾದ ಮೇಲೆ ಎಲ್ಲ ಮಕ್ಕಳನ್ನೂ ಸಾಲಾಗಿ ಕಳಿಸುವ ಪದ್ಧತಿಯನ್ನೇ ಶುರು ಮಾಡಿದರು. ನಮ್ಮವನು ಒಬ್ಬನೇ ಬೇರೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಈಗ ನಮ್ಮ ಮನೆಯ ಬೀರುವಿನಲ್ಲಿ ಒಂದಷ್ಟು ಒಗೆದಿಟ್ಟ ಮಡಿಕೆಗಳು, ತೆರೆಯದ ಎರಡು ಚೀಲಗಳು ಉಳಿದಿವೆ. ಈ ಸುತ್ತಿನಲ್ಲಿ ಯಾರ ಮನೆಯಲ್ಲಾದರೂ ಇಂಥ ಕೂಸು ಇದ್ದರೆ ಆಶಾ ಅಕ್ಕಂದಿರನ್ನು ಕೇಳಿ, ನಮ್ಮ ಮನೆ ತೋರಿಸುತ್ತಾರೆ. ಬಟ್ಟೆ ಕಟ್ಟುವುದನ್ನು ಅತ್ತೆ ಕಲಿಸುತ್ತಾರೆ. ಮೂಗು ಮುಚ್ಚಿಕೊಂಡವರಿಗೆ ಬೈಯುತ್ತಾರೆ ಕೂಡ, ಅದಕ್ಕೆ ತಯಾರಾಗಿ ಬನ್ನಿ.