ಬೇಲಿಗೆ ಕರೆಂಟು: ಗೆಳೆಯನೆಂದು ಸುಮ್ಮನಿರಬೇಡಿ

ಮಾನ್ಯ ಸಂಪಾದಕರೇ,

ಭತ್ತ ತೆನೆಗಟ್ಟುವ ಹೊತ್ತಿಗೆ ಕೊಡಗಿನ ಸಿದ್ದಾಪುರ, ತಿತಿಮತಿ, ಸುಂಟಿಕೊಪ್ಪ ಕಡೆಯ ಗದ್ದೆಗಳಿಗೆ ಆನೆ, ಕಾಡುಹಂದಿ ಇಳಿಯುತ್ತವೆ. ಒಂದೇ ರಾತ್ರಿಯಲ್ಲಿ ಬೆಳೆ ಕಳೆದುಕೊಂಡವರ ಸಂಕಟ ನಿಜವಾದದ್ದು. ಆ ಸಂಕಟದಲ್ಲಿ ಕೆಲವರು ಕಂಬದ ತಂತಿಗೆ ಕೊಕ್ಕೆ ಹಾಕಿ, ಇಲ್ಲವೇ ಪಂಪ್‌ಹೌಸಿನಿಂದ ವೈರೆಳೆದು ಬೇಲಿಗೆ ನೇರ ಕರೆಂಟು ಕೊಡುತ್ತಾರೆ. ಅಕ್ಕಪಕ್ಕದ ಗೆಳೆಯರಿಗೆ ಇದು ಗೊತ್ತೇ ಇರುತ್ತದೆ. ‘ನಮ್ಮವನೇ ಅಲ್ಲವಾ, ಹೇಗೆ ಹೇಳುವುದು’ ಎಂದು ಸುಮ್ಮನಾಗುತ್ತಾರೆ.

ಸೋಲಾರ್ ಬೇಲಿ ಹಾಗೂ ಇದು ಒಂದೇ ಎಂಬ ಮಾತು ಅಪಾಯಕಾರಿ. ಸೋಲಾರ್ ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಕೆಲವೇ ಮಿಲಿಸೆಕೆಂಡು ಹೊಡೆಯುತ್ತದೆ. ಮುಟ್ಟಿದವರಿಗೆ ಕೈ ಹಿಂದೆಗೆಯಲು ಬಿಡುವು ಸಿಗುತ್ತದೆ. ನೇರ 230 ವೋಲ್ಟ್ ಆ ಬಿಡುವು ಕೊಡುವುದಿಲ್ಲ. 10–20 ಮಿಲಿಆಂಪಿಗೇ ಸ್ನಾಯು ಬಿಗಿದು ಕೈ ತಂತಿಯಿಂದ ಬಿಡದು. ಎದೆಯ ಮೂಲಕ 50–100 ಮಿಲಿಆಂಪ್ ಹರಿದರೆ ಹೃದಯದ ಬಡಿತವೇ ಕೆಡುತ್ತದೆ. ‘ಫ್ಯೂಸ್ ಇದೆಯಲ್ಲ’ ಎನ್ನುವವರು ಗಮನಿಸಲಿ: 5 ಆಂಪಿನ ಫ್ಯೂಸ್ ಇಷ್ಟಕ್ಕೆಲ್ಲ ಹೋಗುವುದೇ ಇಲ್ಲ. ಕೊಕ್ಕೆ ಕಂಬದಿಂದಲೇ ಹಾಕಿದ್ದರೆ ಕರೆಂಟು ಸೋರಿದಾಗ ತಾನೇ ಕಡಿಯುವ ಮನೆಯ ಸ್ವಿಚ್ಚೂ (ಇಎಲ್‌ಸಿಬಿ) ಲೆಕ್ಕಕ್ಕಿಲ್ಲ.

‘ರಾತ್ರಿ ಮಾತ್ರ ಹಾಕುತ್ತೇನೆ’ ಎಂಬುದನ್ನೂ ನಂಬಬೇಡಿ. ರಾತ್ರಿ ಕರೆಂಟು ಹೋಗಿ, ಸ್ವಿಚ್ ಹಾಗೆಯೇ ಉಳಿದು, ಬೆಳಗ್ಗೆ ಸದ್ದಿಲ್ಲದೆ ಮರಳುತ್ತದೆ. ಆ ಹೊತ್ತಿಗೆ ಸೌದೆಗೆ ಬರುವ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹೆಂಗಸರು, ಬಿಟ್ಟ ದನ, ಕೆಲವೊಮ್ಮೆ ಯಜಮಾನನೇ ಸಿಕ್ಕಿಬೀಳಬಹುದು. ಮಳೆ ಬಂದ ನೆಲದಲ್ಲಿ ಅಪಾಯ ಇನ್ನೂ ಹೆಚ್ಚು.

ಮೊದಲು ಗೆಳೆಯನಿಗೇ ಹೇಳಿ. ಗಡುವು ಅದೇ ದಿನ ಕತ್ತಲಾಗುವವರೆಗೆ, ‘ಕೊಯ್ಲು ಮುಗಿಯಲಿ’ ಎಂಬುದಕ್ಕೆ ಒಪ್ಪಬೇಡಿ. ಬಿಚ್ಚದಿದ್ದರೆ ನಮ್ಮ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಕರೆ ಮಾಡಿ, ಹತ್ತಿರದ ಕಂಬದ ಅಥವಾ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಸಂಖ್ಯೆ ತಿಳಿಸಿ, ನಿಮ್ಮ ಹೆಸರು ಗುಟ್ಟಾಗಿಡಲು ಕೇಳಿಕೊಳ್ಳಿ. ನೀವಾಗಿ ಕತ್ತರಿ ಹಾಕಬೇಡಿ, ಒಣಕೋಲಿನಿಂದಲೂ ತಂತಿ ಸರಿಸಬೇಡಿ. ಯಾರಾದರೂ ಸಿಕ್ಕಿಕೊಂಡಿದ್ದರೆ ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಮುಟ್ಟಬೇಡಿ. 1912, 112 ಎರಡಕ್ಕೂ ಕರೆ ಮಾಡಿ.

ಇದು ಗೆಳೆಯನಿಗೆ ಮಾಡುವ ದ್ರೋಹವೆಂದು ನಮಗನಿಸುವುದಿಲ್ಲ. ವಿದ್ಯುತ್ ಕಾಯ್ದೆ 2003ರ 135ನೇ ಕಲಂನಡಿ ಕರೆಂಟು ಕಳ್ಳತನಕ್ಕೆ 3 ವರ್ಷದವರೆಗೆ ಜೈಲಿದೆ. ಆದರೆ 152ನೇ ಕಲಂ ಹಣ ಕಟ್ಟಿ ರಾಜಿಯಾಗಲು ಒಮ್ಮೆ ಅವಕಾಶ ಕೊಡುತ್ತದೆ. ಜೀವ ಹೋದ ಮೇಲೆ ಆ ದಾರಿ ಇಲ್ಲ. ಆನೆ ಸತ್ತರೆ ವನ್ಯಜೀವಿ ಕಾಯ್ದೆಯಡಿ ಕನಿಷ್ಠ 3 ವರ್ಷ ಜೈಲು. ಆಗ ತಂತಿ ಸುತ್ತಿಡಲು, ಸತ್ತ ಆನೆಯನ್ನು ಹೂಳಲು ಕೈಜೋಡಿಸುವ ಗೆಳೆಯರೂ ಸಾಕ್ಷ್ಯನಾಶದ ಆರೋಪಿಗಳೇ (ಭಾರತೀಯ ನ್ಯಾಯ ಸಂಹಿತೆ, ಕಲಂ 238).

ತಂತಿ ಬಿಚ್ಚಿಸಿದ ಮೇಲೆ ಅವನನ್ನು ಒಂಟಿಯಾಗಿ ಬಿಡಬಾರದು. ಪಹಣಿ, ಹಾನಿಯಾದ ಬೆಳೆಯ ಫೋಟೋ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಜೊತೆಗೆ ಹೋಗಿ, ಪರಿಹಾರಕ್ಕೆ ಅರ್ಜಿ ಹಾಕಿಸಿ, ಸೋಲಾರ್ ಬೇಲಿಯ ಸಹಾಯಧನ ವಿಚಾರಿಸಿ. ಬೇಲಿ ಬಂದ ಮೇಲೆ ತಂತಿಗೆ ತಾಗುವ ಕಳೆ ಕಡಿಯಲೂ ಒಂದು ಕೈ ಕೊಡಿ. ಕಳೆ ತಾಗಿದರೆ ಹೊಡೆತ ನೆಲಕ್ಕಿಳಿದು ಆನೆಗೆ ಬೇಲಿಯ ಭಯವೇ ಇರುವುದಿಲ್ಲ.

— ಸಿದ್ದಾಪುರ ಸುತ್ತಲಿನ ಕೆಲವು ಬೆಳೆಗಾರರು